ಒಂದು ಪರದೆ, ಇಬ್ಬರು ಆಟಗಾರರು

1958ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಶಾಲೆಯನ್ನು ನೋಡಲು ಬಂದ ಸಾರ್ವಜನಿಕರು ಒಂದು ಸಣ್ಣ ಉಪಕರಣದ ಮುಂದೆ ಸಾಲುಗಟ್ಟಿ ನಿಂತರು. ಪರಮಾಣು ಸಂಶೋಧನೆಗೆ ಹೆಸರಾದ ಆ ಸಂಸ್ಥೆಯಲ್ಲಿ ಅವರ ಮನಸ್ಸನ್ನು ಸೆಳೆದದ್ದು ಭಾರಿ ಯಂತ್ರವಲ್ಲ. ಐದು ಅಂಗುಲ ವ್ಯಾಸದ ಒಂದು ಆಸಿಲೋಸ್ಕೋಪಿನ ಮುಖ. ಅದರ ಮೇಲೆ ಅಡ್ಡಲಾಗಿ ಒಂದು ಗೆರೆ, ನಡುವೆ ನೆಟ್ಟಗೆ ಒಂದು ಗಿಡ್ಡ ಗೆರೆ, ಅದನ್ನು ದಾಟಿ ಅತ್ತಿತ್ತ ಹಾರುವ ಒಂದು ಬೆಳಕಿನ ಚುಕ್ಕೆ. ಮೊದಲನೆಯದು ಟೆನಿಸ್ ಅಂಗಳ, ಎರಡನೆಯದು ಬಲೆ, ಮೂರನೆಯದು ಚೆಂಡು. ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಅನಲಾಗ್ ಗಣಕಯಂತ್ರವೊಂದರಿಂದ ಚೆಂಡಿನ ಪಥವನ್ನು ಲೆಕ್ಕ ಹಾಕಿಸಿ ಈ ಆಟವನ್ನು ಹೊಂದಿಸಿದ್ದನು. ಆಟಗಾರನ ಕೈಗೆ ಒಂದು ಪುಟ್ಟ ಪೆಟ್ಟಿಗೆ. ಅದರ ತಿರುಪಿನಿಂದ ಹೊಡೆತದ ಕೋನ, ಗುಂಡಿಯಿಂದ ಹೊಡೆತ. ಅಂತಹ ಪೆಟ್ಟಿಗೆಗಳು ಎರಡಿದ್ದವು. ಪರದೆ ಮಾತ್ರ ಒಂದೇ.

ಈ ಸಂಗತಿಯನ್ನು ನಮ್ಮ ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಿಡಿಯೋ ಆಟವು ಹುಟ್ಟುವಾಗಲೇ ಇಬ್ಬರ ಆಟವಾಗಿ ಹುಟ್ಟಿತು. 1962ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ತರುಣರು ಪಿಡಿಪಿ-1 ಗಣಕಯಂತ್ರದ ಮೇಲೆ ರಚಿಸಿದ ‘ಸ್ಪೇಸ್‌ವಾರ್’ ಎಂಬ ಆಟದಲ್ಲಿಯೂ ಎರಡು ನೌಕೆಗಳು, ಇಬ್ಬರು ನಾವಿಕರು. 1972ರಲ್ಲಿ ಅಟಾರಿ ಸಂಸ್ಥೆಯು ಹೊರತಂದ ‘ಪಾಂಗ್’ ಆಟದ ಪೆಟ್ಟಿಗೆಯ ಮೇಲೆ ಎರಡು ತಿರುಪುಗಳಿದ್ದವು. ಒಂಟಿಯಾಗಿ ಬಂದವನು ಜೊತೆಗಾರನನ್ನು ಹುಡುಕಿಕೊಳ್ಳಲೇಬೇಕಾಗಿತ್ತು. ಆಗಿನ ಯಂತ್ರಗಳಿಗೆ ಬುದ್ಧಿಯುಳ್ಳ ಎದುರಾಳಿಯನ್ನು ಕಲ್ಪಿಸಿಕೊಡುವುದು ಕಷ್ಟವಾಗಿತ್ತು. ಒಬ್ಬ ಮನುಷ್ಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದೇ ಸುಲಭವಾಗಿತ್ತು.

ಅಂದಿನಿಂದ ಇಂದಿಗೆ ಆರು ದಶಕಗಳಿಗೂ ಮಿಗಿಲಾದ ಕಾಲ ಸಂದಿದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಎಂಬವರು ಬೇರೆ ಬೇರೆ ಕಡೆ ಕುಳಿತ ಹಲವರು ಒಂದೇ ಕಲ್ಪಿತ ಲೋಕದಲ್ಲಿ ಅಲೆದಾಡಬಹುದಾದ ಸಾಹಸದ ಆಟವೊಂದನ್ನು ರಚಿಸತೊಡಗಿದರು. ಅದರಲ್ಲಿ ಚಿತ್ರಗಳಿರಲಿಲ್ಲ, ಬರಿಯ ಅಕ್ಷರಗಳು. ಇಂದಿನ ಆನ್‌ಲೈನ್ ಸಾಹಸದ ಆಟಗಳೆಲ್ಲ ಆ ಬೀಜದ ಮರಗಳೆನ್ನಬಹುದು. ಅವುಗಳಲ್ಲಿ ಸಮುದ್ರಗಳಿವೆ, ಪರ್ವತಗಳಿವೆ, ಹಾಳುಬಿದ್ದ ಕೋಟೆಗಳಿವೆ. ಭೂಮಿಯ ಆಚೆ ಬದಿಯವನೊಬ್ಬನು ನಮ್ಮ ಜೊತೆಗಾರನಾಗಬಲ್ಲನು. ಇದು ಕಡಮೆ ಸಾಧನೆಯೇನೂ ಅಲ್ಲ. ಆದರೆ ಈ ಸಾಧನೆಯ ನಡುವೆ ಒಂದು ವಿಪರ್ಯಾಸವು ಸದ್ದಿಲ್ಲದೆ ನುಸುಳಿಕೊಂಡಿದೆ. ಭೂಮಿಯ ಆಚೆ ಬದಿಯವನು ಜೊತೆಗೆ ಆಡಬಲ್ಲನು. ಅದೇ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವನು ಎಷ್ಟೋ ಆಟಗಳಲ್ಲಿ ಆಡಲಾರನು.

ಹಾಸನದಲ್ಲಿರುವ ನನ್ನ ತಂಗಿಯ ಮನೆಗೆ ಕಳೆದ ಬೇಸಗೆಯ ರಜೆಯಲ್ಲಿ ಹೋಗಿದ್ದೆ. ಅವಳ ಮಗ ಒಂಬತ್ತನೆಯ ತರಗತಿ, ಮಗಳು ಆರನೆಯದು. ಮನೆಯಲ್ಲಿ ಒಂದು ಟೆಲಿವಿಷನ್, ಒಂದು ಕನ್ಸೋಲ್ ಯಂತ್ರ. ಹುಡುಗನು ಯಾವುದೋ ಆನ್‌ಲೈನ್ ಸಾಹಸದ ಆಟದಲ್ಲಿ ಮುಳುಗಿದ್ದನು. ಹುಡುಗಿಯೂ ಕೈಯಲ್ಲೊಂದು ಕಂಟ್ರೋಲರ್ ಹಿಡಿದು ಶ್ರದ್ಧೆಯಿಂದ ಗುಂಡಿಗಳನ್ನು ಒತ್ತುತ್ತಿದ್ದಳು. ಸ್ವಲ್ಪ ಹೊತ್ತು ನೋಡಿದ ಮೇಲೆ ನನಗೆ ತಿಳಿಯಿತು: ಅವಳ ಕಂಟ್ರೋಲರಿಗೂ ಯಂತ್ರಕ್ಕೂ ಸಂಬಂಧವೇ ಇರಲಿಲ್ಲ. ಅಣ್ಣನ ಈ ಉಪಾಯ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದೂ ಒತ್ತುತ್ತಿದ್ದಳು. “ಮಾಮ, ಇವನು ಯಾರ್ಯಾರನ್ನೋ ಕೋಟೆಯೊಳಕ್ಕೆ ಕರ್ಕೊಂಡು ಹೋಗ್ತಾನೆ. ನನ್ನನ್ನ ಯಾವಾಗ ಕರ್ಕೊಂಡು ಹೋಗೋದು?” ಎಂದಳು. ಹುಡುಗನು ಪರದೆಯಿಂದ ಕಣ್ಣು ಕೀಳದೆ, “ನಾನೇನು ಮಾಡ್ಲಿ ಮಾಮ, ಆಟದಲ್ಲೇ ಇಲ್ಲ,” ಎಂದನು.

ಹುಡುಗನ ಮಾತು ನಿಜ. ಅದು ಅವನ ತಪ್ಪಲ್ಲ, ಆಟವನ್ನು ರಚಿಸಿದವರ ಆಯ್ಕೆ. ಆ ಆಯ್ಕೆ ಬದಲಾಗಬೇಕೆಂಬುದೇ ಈ ಲೇಖನದ ವಾದ. ಆದರೆ ‘ಬೇಕು’ ಎನ್ನುವುದು ಸುಲಭ. ಅದರ ಹಿಂದಿರುವ ಯಂತ್ರಶಾಸ್ತ್ರದ ತೊಡಕುಗಳನ್ನು ತಿಳಿಯದೆ ಬೇಡಿಕೆ ಮುಂದಿಡುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಪ್ಪುವ ಮಾತಲ್ಲ. ಆದುದರಿಂದ ಮೊದಲು ತೊಡಕುಗಳನ್ನೇ ನೋಡೋಣ.

ಪಾಲುಪರದೆ ಎಂದರೇನು?

ಒಂದೇ ಪರದೆಯನ್ನು ಎರಡು ಅಥವಾ ನಾಲ್ಕು ಭಾಗಗಳಾಗಿ ಮಾಡಿ, ಒಂದೊಂದು ಭಾಗದಲ್ಲಿ ಒಬ್ಬೊಬ್ಬ ಆಟಗಾರನ ಕಣ್ಣಿಗೆ ಕಾಣುವ ದೃಶ್ಯವನ್ನು ತೋರಿಸುವ ಕ್ರಮಕ್ಕೆ ಆಟಗಾರರು ಸ್ಪ್ಲಿಟ್ ಸ್ಕ್ರೀನ್ ಎನ್ನುತ್ತಾರೆ. ಸೀಳಿದ ಪರದೆ ಎಂದರೆ ಏನನ್ನೋ ಕೆಡಿಸಿದಂತೆ ಕೇಳಿಸುತ್ತದೆ. ಇಲ್ಲಿ ನಡೆಯುವುದು ಪಾಲು ಹಂಚಿಕೆ. ಆದುದರಿಂದ ಈ ಲೇಖನದ ಮಟ್ಟಿಗೆ ಇದನ್ನು ‘ಪಾಲುಪರದೆ’ ಎಂದು ಕರೆಯೋಣ.

ಇದು ಹೊಸದಲ್ಲ. 1992ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ‘ಸೂಪರ್ ಮಾರಿಯೊ ಕಾರ್ಟ್’ ಎಂಬ ಪಂದ್ಯದ ಆಟದಲ್ಲಿ ಪರದೆಯನ್ನು ಮೇಲೆ ಕೆಳಗೆ ಎರಡು ಪಾಲು ಮಾಡಿತ್ತು. 1997ರಲ್ಲಿ ಇಂಗ್ಲೆಂಡಿನ ರೇರ್ ಸಂಸ್ಥೆಯು ನಿಂಟೆಂಡೊ 64 ಯಂತ್ರಕ್ಕಾಗಿ ಹೊರತಂದ ‘ಗೋಲ್ಡನ್‌ಐ 007’ ಆಟದಲ್ಲಿ ನಾಲ್ವರು ಒಂದೇ ಟೆಲಿವಿಷನ್ನಿನ ಮುಂದೆ ಕುಳಿತು ಆಡುತ್ತಿದ್ದರು. ಈ ನಾಲ್ವರ ಆಟವು ಮೊದಲ ಯೋಜನೆಯ ಮುಖ್ಯ ಅಂಗವಾಗಿರಲಿಲ್ಲ. ನಿರ್ಮಾಣದ ಕೊನೆಯ ಹಂತದಲ್ಲಿ ಸೇರಿತು. ಹಾಗೆ ಸೇರಿದ ಭಾಗವೇ ಆಟದ ಕೀರ್ತಿಗೆ ಮುಖ್ಯ ಕಾರಣವಾಯಿತು. ಅದೇ ಸಂಸ್ಥೆಯು ಇಪ್ಪತ್ತೊಂದು ವರ್ಷಗಳ ಬಳಿಕ, 2018ರಲ್ಲಿ, ‘ಸೀ ಆಫ್ ಥೀವ್ಸ್’ ಎಂಬ ಆನ್‌ಲೈನ್ ಸಾಹಸದ ಆಟವನ್ನು ಹೊರತಂದಾಗ ಅದರಲ್ಲಿ ಪಾಲುಪರದೆ ಇರಲಿಲ್ಲ. ಒಂದೇ ಹಡಗಿನ ನಾಲ್ವರು ನಾವಿಕರಿಗೆ ನಾಲ್ಕು ಯಂತ್ರಗಳು ಬೇಕಾದವು.

ನಿಂಟೆಂಡೊ 64 ಯಂತ್ರದ ಸ್ಮೃತಿ, ಎಂದರೆ ಮೆಮೊರಿ, 4 ಮೆಗಾಬೈಟ್. 2020ರಲ್ಲಿ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಯಂತ್ರದ್ದು 10 ಗಿಗಾಬೈಟ್, ಅದರ ಎರಡೂವರೆ ಸಾವಿರ ಪಟ್ಟು. ಆ ಬಡ ಯಂತ್ರವು ನಾಲ್ವರಿಗೆ ಪಾಲು ಕೊಟ್ಟಿತು. ಈ ಶ್ರೀಮಂತ ಯಂತ್ರವು ಇಬ್ಬರಿಗೆ ಕೊಡಲು ತಿಣುಕುವುದೇಕೆ? ಯಂತ್ರದ ವರಮಾನ ಹೆಚ್ಚಿದಂತೆ ಆಟದ ಖರ್ಚೂ ಹೆಚ್ಚಿದೆ ಎಂಬುದು ಅರ್ಧ ಉತ್ತರ. ಉಳಿದರ್ಧವನ್ನು ತಿಳಿಯಬೇಕಾದರೆ ಒಂದು ಚಿತ್ರವು ಹೇಗೆ ಸಿದ್ಧವಾಗುತ್ತದೆಂಬುದನ್ನು ಅರಿಯಬೇಕು.

ಅರ್ಧ ಪರದೆ, ಆದರೆ ಅರ್ಧ ಕೆಲಸವಲ್ಲ

ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರಕ್ಕೆ ದೊರೆಯುವ ಅವಕಾಶ ಸುಮಾರು 16.7 ಮಿಲಿಸೆಕೆಂಡು, ಸೆಕೆಂಡಿಗೆ 30 ಚಿತ್ರಗಳು ಸಾಕೆಂದರೆ 33.3 ಮಿಲಿಸೆಕೆಂಡು. ಈ ಅವಧಿಯಲ್ಲಿ ಯಂತ್ರವು ಮೂರು ಬಗೆಯ ಕೆಲಸ ಮಾಡಬೇಕು. ಮೊದಲನೆಯದು ಲೋಕವನ್ನು ನಡೆಸುವುದು: ಗಾಳಿಗೆ ಮರ ಎಷ್ಟು ಬಾಗಿತು, ತೋಳ ಯಾವ ಕಡೆ ಓಡಿತು, ಎಸೆದ ಕಲ್ಲು ಎಲ್ಲಿ ಬಿತ್ತು. ಎರಡನೆಯದು, ಆಟಗಾರನು ನಿಂತ ಸ್ಥಳದಿಂದ ಯಾವ ಯಾವ ವಸ್ತುಗಳು ಕಾಣುತ್ತವೆಂಬುದನ್ನು ಪಟ್ಟಿ ಮಾಡಿ, ಅವುಗಳ ಆಕಾರವನ್ನೂ ನೆರಳನ್ನೂ ಗಣಿಸುವುದು. ಮೂರನೆಯದು, ಪರದೆಯ ಒಂದೊಂದು ಬಿಂದುವಿಗೂ ಬಣ್ಣ ತುಂಬುವುದು. 1920 ಉದ್ದಸಾಲು, 1080 ಅಡ್ಡಸಾಲು ಬಿಂದುಗಳುಳ್ಳ ಸಾಮಾನ್ಯ ಟೆಲಿವಿಷನ್ನಿನಲ್ಲಿ ಅಂತಹ ಬಿಂದುಗಳು, ಎಂದರೆ ಪಿಕ್ಸೆಲ್‌ಗಳು, 20,73,600.

ಪರದೆಯನ್ನು ಎರಡು ಪಾಲು ಮಾಡಿದರೆ ಒಂದೊಂದು ಪಾಲಿಗೆ ಬರುವ ಬಿಂದುಗಳು 10,36,800. ಒಟ್ಟು ಮೊತ್ತ ಬದಲಾಗಲಿಲ್ಲ. ಆದುದರಿಂದ ಮೂರನೆಯ ಕೆಲಸ ಹೆಚ್ಚುವುದಿಲ್ಲ. ಲೋಕವು ಒಂದೇ ಆದುದರಿಂದ ಮೊದಲನೆಯ ಕೆಲಸವೂ ಬಹಳ ಹೆಚ್ಚುವುದಿಲ್ಲ. ಆದರೆ ಎರಡನೆಯದು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಕಿಟಕಿ ಚಿಕ್ಕದಾಯಿತೆಂದ ಮಾತ್ರಕ್ಕೆ ಅದರಲ್ಲಿ ಕಾಣುವ ಮರಗಳ ಸಂಖ್ಯೆ ಕಡಮೆಯಾಗುವುದಿಲ್ಲವಷ್ಟೆ. ಎರಡು ಕಿಟಕಿಗಳು ಎರಡು ದಿಕ್ಕಿಗೆ ತೆರೆದಿದ್ದರೆ ಎರಡು ಕಾಡುಗಳನ್ನು ಎಣಿಸಬೇಕು.

ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಒಬ್ಬನೇ ಆಡುವಾಗ ಮೊದಲನೆಯ ಕೆಲಸಕ್ಕೆ 4, ಎರಡನೆಯದಕ್ಕೆ 6, ಮೂರನೆಯದಕ್ಕೆ 6, ಒಟ್ಟು 16 ಮಿಲಿಸೆಕೆಂಡು ಹಿಡಿಯುವುದೆಂದು ಇಟ್ಟುಕೊಳ್ಳಿ. ಇಬ್ಬರಾದಾಗ ಮೊದಲನೆಯದು 5, ಎರಡನೆಯದು 12, ಮೂರನೆಯದು ಅದೇ 6, ಒಟ್ಟು 23. ವಾಸ್ತವದಲ್ಲಿ ಈ ಕೆಲಸಗಳು ಒಂದರ ಮೇಲೊಂದು ಹಾಯುತ್ತ ಏಕಕಾಲದಲ್ಲಿ ನಡೆಯುತ್ತವೆಯಾದುದರಿಂದ ಲೆಕ್ಕ ಇಷ್ಟು ಸರಳವಲ್ಲ. ಆದರೂ ತಾತ್ಪರ್ಯ ಇದರಿಂದ ಸ್ಪಷ್ಟವಾಗುತ್ತದೆ. 23 ಎಂಬುದು 16.7ನ್ನು ಮೀರಿತು, 33.3ರ ಒಳಗೆ ಉಳಿಯಿತು. ಸೆಕೆಂಡಿಗೆ 60 ಚಿತ್ರಗಳ ಸೊಗಸನ್ನು 30ಕ್ಕೆ ಇಳಿಸಿಕೊಂಡರೆ ಅದೇ ಯಂತ್ರವು ಇಬ್ಬರನ್ನೂ ಸಾಕಬಲ್ಲದು. ದೂರದ ಮರಗಳನ್ನು ತುಸು ಒರಟಾಗಿ ಚಿತ್ರಿಸಿ, ನೆರಳುಗಳನ್ನು ಸರಳಗೊಳಿಸಿದರೆ ಇನ್ನಷ್ಟು ಉಳಿತಾಯ ಸಾಧ್ಯ.

ಇದಕ್ಕಿಂತ ಕಠಿಣವಾದುದು ಸ್ಮೃತಿಯ ಪ್ರಶ್ನೆ. ಸಾಹಸದ ಆಟಗಳ ಲೋಕವು ಬಹು ವಿಸ್ತಾರವಾದುದು. ಅದೆಲ್ಲವೂ ಒಮ್ಮೆಗೇ ಸ್ಮೃತಿಯಲ್ಲಿ ಹಿಡಿಯುವುದಿಲ್ಲ. ಆದುದರಿಂದ ಯಂತ್ರವು ಆಟಗಾರನ ಸುತ್ತಲಿನ ಪ್ರದೇಶವನ್ನಷ್ಟೆ ಸ್ಮೃತಿಗೆ ತಂದುಕೊಂಡು, ಅವನು ನಡೆದಂತೆ ಮುಂದಿನದನ್ನು ತರುತ್ತ, ಹಿಂದಿನದನ್ನು ಬಿಡುತ್ತ ಹೋಗುತ್ತದೆ. ದೀಪ ಹಿಡಿದು ಕತ್ತಲಲ್ಲಿ ನಡೆಯುವವನಿಗೆ ತನ್ನ ಸುತ್ತಣ ಹತ್ತು ಮಾರು ಮಾತ್ರ ಕಾಣುವಂತೆ. ಒಬ್ಬ ಆಟಗಾರನು ಬೆಟ್ಟದ ತುದಿಗೂ ಇನ್ನೊಬ್ಬನು ಊರಿನ ಸಂತೆಗೂ ಹೋದರೆ ಎರಡು ದೀಪಗಳು ಬೇಕು. ಯಂತ್ರದ ಸ್ಮೃತಿಯನ್ನು ಒಂದೇ ದೀಪಕ್ಕೆ ಸರಿಯಾಗಿ ಅಳೆದು ಬಳಸಿದ್ದರೆ ಎರಡನೆಯ ದೀಪಕ್ಕೆ ಎಣ್ಣೆಯೇ ಇರುವುದಿಲ್ಲ.

ಇನ್ನು ಸಣ್ಣ ತೊಡಕುಗಳು ಹಲವು. ಇಡೀ ಪರದೆಗೆಂದು ಬರೆದ ಅಕ್ಷರಗಳು ಅರ್ಧ ಪರದೆಯಲ್ಲಿ ಇರುವೆಗಳಂತೆ ಕಾಣುತ್ತವೆ. ಒಬ್ಬನು ನಕಾಶೆಯನ್ನು ತೆರೆದರೆ ಇನ್ನೊಬ್ಬನ ಆಟ ನಿಲ್ಲಬೇಕೆ? ಬಲಗಡೆಯಿಂದ ಬಂದ ಹುಲಿಯ ಗರ್ಜನೆ ಯಾರ ಬಲಗಡೆಯದು? ಒಂದೊಂದಕ್ಕೂ ಉತ್ತರವಿದೆ, ಆದರೆ ಒಂದೊಂದಕ್ಕೂ ಯಾರಾದರೂ ಕುಳಿತು ಯೋಚಿಸಬೇಕು.

ಅಂತರ್ಜಾಲದ ಮಾತು

ಆನ್‌ಲೈನ್ ಆಟವಾದುದರಿಂದ ಪಾಲುಪರದೆ ಅಸಾಧ್ಯವೆಂದು ಕೆಲವರು ಭಾವಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಇಂತಹ ಆಟದಲ್ಲಿ ಯಾರು ಎಲ್ಲಿದ್ದಾರೆ, ಯಾರ ಏಟು ಯಾರಿಗೆ ತಗುಲಿತು ಎಂಬುದನ್ನು ಸಾಮಾನ್ಯವಾಗಿ ನಿರ್ಣಯಿಸುವುದು ದೂರದಲ್ಲಿರುವ ಸರ್ವರ್ ಯಂತ್ರ. ಅದರ ದೃಷ್ಟಿಯಲ್ಲಿ ಇಬ್ಬರು ಆಟಗಾರರೆಂದರೆ ಇಬ್ಬರೇ. ಅವರು ಎರಡು ಊರುಗಳಲ್ಲಿದ್ದಾರೆಯೋ ಒಂದೇ ಚಾಪೆಯ ಮೇಲಿದ್ದಾರೆಯೋ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಹಲವರು ಸೇರುವ ಲೋಕವನ್ನು ನಡೆಸುವ ನಿಯಮಗಳೆಲ್ಲ ಆನ್‌ಲೈನ್ ಆಟದಲ್ಲಿ ಮೊದಲೇ ಸಿದ್ಧವಾಗಿರುತ್ತವೆ. ಒಂಟಿ ಆಟಕ್ಕೆ ಎರಡನೆಯವನನ್ನು ಸೇರಿಸುವುದು ಇದಕ್ಕಿಂತ ಕಷ್ಟ. ಇಲ್ಲಿ ಉಳಿಯುವ ಕೆಲಸವೆಂದರೆ ಒಂದೇ ಯಂತ್ರದಿಂದ ಇಬ್ಬರ ಹೆಸರಿನಲ್ಲಿ ಪ್ರವೇಶ ಪಡೆಯುವ ಏರ್ಪಾಡು ಮತ್ತು ಮೇಲೆ ಹೇಳಿದ ಎರಡು ಕಿಟಕಿಗಳ ಚಿತ್ರಣ.

ಒಂದು ಸ್ವಾರಸ್ಯವನ್ನು ಇಲ್ಲಿ ಗಮನಿಸಬಹುದು. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು. ಬೆಂಗಳೂರಿಗೂ ಸಿಂಗಪುರಕ್ಕೂ ನೇರ ದೂರ ಸುಮಾರು 3,200 ಕಿಲೋಮೀಟರು. ಸರ್ವರ್ ಸಿಂಗಪುರದಲ್ಲಿದ್ದರೆ ಸಂಕೇತವು ಹೋಗಿ ಬರಲು ಕನಿಷ್ಠ 32 ಮಿಲಿಸೆಕೆಂಡು ಬೇಕು. ತಂತುವಿನ ಸುತ್ತುದಾರಿ ಮತ್ತು ನಡುವಣ ಯಂತ್ರಗಳ ವಿಳಂಬ ಸೇರಿ ಇನ್ನೂ ಹೆಚ್ಚು. ಹೀಗೆ ಒಂದೇ ಚಾಪೆಯ ಮೇಲೆ ಕುಳಿತ ಅಣ್ಣ ತಂಗಿಯರ ಏಟು-ಎದುರೇಟುಗಳ ತೀರ್ಪು ಸಮುದ್ರವನ್ನು ದಾಟಿ ಹೋಗಿ ಬರಬೇಕಾಗುತ್ತದೆ! ಇದು ಹಾಸ್ಯಾಸ್ಪದವಾಗಿ ಕಂಡರೂ ಸಾಹಸದ ಆಟದ ಸುಖಕ್ಕೆ ಅಡ್ಡಿಯಲ್ಲ. ಅಂತರ್ಜಾಲವೇ ಬೇಡವೆನ್ನುವವರಿಗೆ ಸರ್ವರಿನ ಕಾರ್ಯಕ್ರಮವನ್ನು ಮನೆಯ ಯಂತ್ರದೊಳಗೇ ನಡೆಸಬೇಕಾಗುತ್ತದೆ. ಅದು ಪ್ರತ್ಯೇಕವಾದ, ಹೆಚ್ಚು ದುಬಾರಿಯಾದ ಬೇಡಿಕೆ. ಎರಡನ್ನೂ ಕಲಸಿಬಿಡುವುದರಿಂದಲೇ ಪಾಲುಪರದೆಯು ಇರುವುದಕ್ಕಿಂತ ಕಷ್ಟವಾಗಿ ಕಾಣುತ್ತದೆ.

ಹಟ ಹಿಡಿದವರ ಕಥೆ

ಬೆಲ್ಜಿಯಂ ದೇಶದ ಲಾರಿಯನ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ ಎಂಬ ಸಾಹಸದ ಆಟವು ಈ ವಿಷಯದಲ್ಲಿ ಉತ್ತಮವಾದ ಪಾಠ. ಆನ್‌ಲೈನ್‌ನಲ್ಲಿ ನಾಲ್ವರವರೆಗೆ, ಒಂದೇ ಪರದೆಯಲ್ಲಿ ಇಬ್ಬರು ಕೂಡಿ ಆಡಬಹುದಾದ ಆಟ ಅದು. 2023ರ ಆಗಸ್ಟಿನಲ್ಲಿ ವೈಯಕ್ತಿಕ ಗಣಕಯಂತ್ರಗಳಿಗೂ ಸೆಪ್ಟೆಂಬರಿನಲ್ಲಿ ಪ್ಲೇಸ್ಟೇಷನ್ 5 ಯಂತ್ರಕ್ಕೂ ಬಂದಿತು. ಎಕ್ಸ್‌ಬಾಕ್ಸ್‌ಗೆ ಮಾತ್ರ ಬರಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ನಿಯಮದಂತೆ ಅದರ ದೊಡ್ಡ ಯಂತ್ರವಾದ ಸೀರೀಸ್ ಎಕ್ಸ್‌ನಲ್ಲಿರುವ ಸೌಕರ್ಯಗಳು ಚಿಕ್ಕದಾದ ಸೀರೀಸ್ ಎಸ್‌ನಲ್ಲಿಯೂ ಇರಬೇಕಾಗಿತ್ತು. ದೊಡ್ಡದರ ಸ್ಮೃತಿ 16 ಗಿಗಾಬೈಟ್, ಚಿಕ್ಕದರದು 10. ಆ ಹತ್ತರೊಳಗೆ ಎರಡು ದೀಪಗಳನ್ನು ಉರಿಸುವುದು ಸಾಧ್ಯವಾಗಲಿಲ್ಲ. ಆಗಸ್ಟ್ ತಿಂಗಳಲ್ಲಿ ಲಾರಿಯನ್ನಿನ ಮುಖ್ಯಸ್ಥ ಸ್ವೆನ್ ವಿಂಕೆ ಮೈಕ್ರೋಸಾಫ್ಟಿನೊಡನೆ ಮಾತನಾಡಿ, ಚಿಕ್ಕ ಯಂತ್ರದಲ್ಲಿ ಪಾಲುಪರದೆ ಇಲ್ಲದೆಯೇ ಆಟವು ಬರುವುದೆಂದು ಪ್ರಕಟಿಸಿದನು. ಡಿಸೆಂಬರಿನಲ್ಲಿ ಹಾಗೆಯೇ ಬಂದಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಸೋಲಿನ ಕಥೆಯಾಗುತ್ತಿತ್ತು. ಆದರೆ 2025ರ ಏಪ್ರಿಲ್ ತಿಂಗಳಲ್ಲಿ, ಎಂಟನೆಯ ದೊಡ್ಡ ತಿದ್ದುಪಡಿಯೊಡನೆ, ಅದೇ ಚಿಕ್ಕ ಯಂತ್ರಕ್ಕೆ ಪಾಲುಪರದೆಯು ಬಂದಿತು. ಯಂತ್ರ ಬದಲಾಗಿರಲಿಲ್ಲ, ಸ್ಮೃತಿ ಒಂದು ಬೈಟಿನಷ್ಟೂ ಹೆಚ್ಚಿರಲಿಲ್ಲ. ಹದಿನಾರು ತಿಂಗಳ ಹಿಂದೆ ‘ಆಗದು’ ಎಂದಿದ್ದುದು ‘ಆಯಿತು’. ಯಂತ್ರಶಾಸ್ತ್ರದಲ್ಲಿ ‘ಆಗದು’ ಎಂಬ ಮಾತಿಗೆ ಅನೇಕ ಸಲ ‘ಈ ದಿನಾಂಕದೊಳಗೆ, ಈ ಖರ್ಚಿನಲ್ಲಿ ಆಗದು’ ಎಂದಷ್ಟೇ ಅರ್ಥ.

ಇದೊಂದೇ ಉದಾಹರಣೆಯಲ್ಲ. 2012ರಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ಬಂದ ‘ಮೈನ್‌ಕ್ರಾಫ್ಟ್’ ಆಟದಲ್ಲಿ ನಾಲ್ವರು ಒಂದೇ ಪರದೆಯನ್ನು ಹಂಚಿಕೊಂಡು ಒಂದೇ ಲೋಕದಲ್ಲಿ ಮನೆ ಕಟ್ಟಬಹುದಾಗಿತ್ತು. 2017ರಲ್ಲಿ ಅಪ್ಪಟ ಆನ್‌ಲೈನ್ ಆಟವಾಗಿ ಪ್ರಸಿದ್ಧವಾದ ‘ಫೋರ್ಟ್‌ನೈಟ್’ ಕಾಳಗಕ್ಕೆ, ಆಗಲೇ ಕೋಟ್ಯಂತರ ಜನ ಆಡುತ್ತಿದ್ದಾಗ, 2019ರ ಡಿಸೆಂಬರಿನಲ್ಲಿ ಇಬ್ಬರ ಪಾಲುಪರದೆಯನ್ನು ಸೇರಿಸಲಾಯಿತು. ನಡೆಯುತ್ತಿರುವ ಬಂಡಿಗೆ ಇನ್ನೊಂದು ಪೀಠವನ್ನು ಹೊಂದಿಸಲಾಗದೆಂಬ ವಾದಕ್ಕೆ ಇದು ನೇರವಾದ ಉತ್ತರ.

ವಿರುದ್ಧ ಉದಾಹರಣೆಯನ್ನೂ ಮರೆಮಾಡಬಾರದು. ಪಾಲುಪರದೆಗೆ ಹೆಸರಾಗಿದ್ದ ‘ಹೇಲೊ’ ಮಾಲೆಯ ‘ಹೇಲೊ ಇನ್ಫಿನಿಟ್’ ಆಟದ ಸಾಹಸಕಥೆಯ ಭಾಗಕ್ಕೆ ಆ ಸೌಕರ್ಯವನ್ನು ಕೊಡುವುದಾಗಿ ಹೇಳಿದ್ದ ನಿರ್ಮಾಪಕರು 2022ರ ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಟ್ಟರು. ಇರುವ ಜನಬಲವನ್ನು ಬೇರೆ ಸುಧಾರಣೆಗಳಿಗೆ ತೊಡಗಿಸಬೇಕಾಗಿದೆಯೆಂಬುದು ಅವರು ಕೊಟ್ಟ ಕಾರಣ. ಪಾಲುಪರದೆಗೆ ಕೆಲಸಗಾರರು ಬೇಕು, ತಿಂಗಳುಗಳು ಬೇಕು. ಕೇಳುವವರು ಇದನ್ನು ಒಪ್ಪಿಕೊಂಡೇ ಕೇಳಬೇಕು.

ಎದುರು ಪಕ್ಷದ ಮಾತು

“ಇಷ್ಟು ಶ್ರಮಪಟ್ಟು ಕೊಟ್ಟರೂ ಬಳಸುವವರು ಎಷ್ಟು ಮಂದಿ? ಎಲ್ಲರಿಗೂ ಅವರವರ ಯಂತ್ರವಿದೆ” ಎಂಬುದು ಮೊದಲನೆಯ ಆಕ್ಷೇಪ. ‘ಎಲ್ಲರಿಗೂ’ ಎಂಬ ಈ ಮಾತು ಯಾವ ದೇಶದ್ದು? ಸೀರೀಸ್ ಎಸ್ ಯಂತ್ರವು 2020ರ ನವೆಂಬರಿನಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 34,990 ರೂಪಾಯಿ. ಪ್ಲೇಸ್ಟೇಷನ್ 5 ಯಂತ್ರವು 2021ರ ಫೆಬ್ರವರಿಯಲ್ಲಿ ಬಂದಾಗ 49,990. ನಮ್ಮ ನಾಡಿನ ಮಧ್ಯಮ ವರ್ಗದ ಮನೆಯೊಂದು ಒಂದನ್ನು ಕೊಂಡರೆ ಅದೇ ದೊಡ್ಡದು. ಎರಡನೆಯವನಿಗಾಗಿ ಎರಡನೆಯ ಯಂತ್ರ, ಎರಡನೆಯ ಟೆಲಿವಿಷನ್, ಆಟದ ಎರಡನೆಯ ಪ್ರತಿ ಎಂದರೆ ಅದು ನಡೆಯುವ ಮಾತಲ್ಲ. ಪಾಲುಪರದೆಯಿದ್ದರೆ ಬೇಕಾಗುವುದು ಎರಡನೆಯ ಕಂಟ್ರೋಲರ್ ಒಂದೇ. ಪ್ಲೇಸ್ಟೇಷನ್ 5ರ ಕಂಟ್ರೋಲರಿನ ಬೆಲೆ ಆಗ 5,990 ರೂಪಾಯಿ. ಸುಮಾರು ಐವತ್ತು ಸಾವಿರಕ್ಕೂ ಆರು ಸಾವಿರಕ್ಕೂ ನಡುವಣ ಈ ಅಂತರವೇ ಎಷ್ಟೋ ಮನೆಗಳಲ್ಲಿ ಕಿರಿಯ ಮಗುವು ಆಡುವುದೋ ನೋಡುತ್ತ ಕೂರುವುದೋ ಎಂಬುದನ್ನು ತೀರ್ಮಾನಿಸುತ್ತದೆ. ಮೊದಲ ಸರದಿ ಹಿರಿಯ ಮಗನಿಗೆ, ನೋಡುವ ಸರದಿ ಕಿರಿಯ ಮಗಳಿಗೆ ಎಂಬ ಪದ್ಧತಿ ನಮ್ಮ ಮನೆಗಳಲ್ಲಿ ಆಟಕ್ಕೆ ಮಾತ್ರ ಸೀಮಿತವಾಗಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

“ಇಬ್ಬರಿಗೆ ಒಂದೇ ಪ್ರತಿ ಸಾಕಾದರೆ ನಮ್ಮ ಮಾರಾಟ ಏನಾಗಬೇಕು?” ಎಂಬುದು ಎರಡನೆಯ ಆಕ್ಷೇಪ. ಸ್ಟಾಕ್‌ಹೋಮಿನ ಹೇಜ್‌ಲೈಟ್ ಸಂಸ್ಥೆಯು 2021ರ ಮಾರ್ಚಿನಲ್ಲಿ ಹೊರತಂದ ‘ಇಟ್ ಟೇಕ್ಸ್ ಟೂ’ ಎಂಬ ಆಟವು ಇದಕ್ಕೆ ಉತ್ತರ ಕೊಟ್ಟಿದೆ. ಆ ಆಟವನ್ನು ಒಬ್ಬನೇ ಆಡುವಂತೆಯೇ ಇಲ್ಲ. ಇಬ್ಬರು ದೂರ ದೂರದ ಊರುಗಳಲ್ಲಿ ಕುಳಿತು ಆನ್‌ಲೈನ್ ಆಡಿದರೂ ಪರದೆಯು ಪಾಲಾಗಿಯೇ ಇರುತ್ತದೆ. ಜೊತೆಗಾರನು ಏನು ಮಾಡುತ್ತಿದ್ದಾನೆಂಬುದು ಸದಾ ಕಣ್ಣಮುಂದಿರುತ್ತದೆ. ಒಬ್ಬನು ಕೊಂಡರೆ ದೂರದ ಗೆಳೆಯನು ಎರಡನೆಯ ಪ್ರತಿಯನ್ನು ಕೊಳ್ಳದೆಯೇ ಜೊತೆಗೆ ಆಡಬಹುದು. ಹೀಗಿದ್ದೂ 2023ರ ಫೆಬ್ರವರಿಯ ವೇಳೆಗೆ ಒಂದು ಕೋಟಿ ಪ್ರತಿಗಳು ಮಾರಾಟವಾಗಿದ್ದವು; 2021ರ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ವರ್ಷದ ಆಟವೆಂಬ ಗೌರವವೂ ಅದಕ್ಕೇ ಸಂದಿತು. ಪಾಲು ಕೊಟ್ಟವನು ಕೆಡಲಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದುದು: “ಚಿತ್ರದ ಅಂದ ಕೆಡುತ್ತದೆ, ವರ್ಷಗಟ್ಟಲೆ ದುಡಿದ ಕಲಾವಿದರಿಗೆ ಅದು ಅಪಮಾನ.” ಅಂದ ಕುಂದುವುದು ನಿಜ. ಅರ್ಧ ಪರದೆಯಲ್ಲಿ ಬೆಟ್ಟದ ಘನತೆ ಅರ್ಧವಾಗುತ್ತದೆ. ಆದರೆ ಒಬ್ಬನೇ ಆಡುವಾಗ ಆ ಅಂದ ಎಲ್ಲಿಯೂ ಹೋಗುವುದಿಲ್ಲ. ಇಬ್ಬರು ಕೂಡಿದಾಗ ಎಷ್ಟು ಅಂದವನ್ನು ಬಿಟ್ಟುಕೊಡಬೇಕೆಂಬುದನ್ನು ಆಡುವವರೇ ನಿರ್ಧರಿಸಲಿ. ಆಟಗಾರರಿಬ್ಬರು ಹತ್ತಿರ ಬಂದಾಗ ನಡುವಣ ಗೆರೆಯು ಅಳಿಸಿಹೋಗಿ ಪರದೆಯು ಒಂದಾಗುವ, ದೂರವಾದಾಗ ಮತ್ತೆ ಪಾಲಾಗುವ ಜಾಣ ಉಪಾಯವೂ ಇದೆ. 2009ರ ಒಂದು ಲೆಗೋ ಆಟದಲ್ಲಿಯೇ ಅದು ಬಂದಿತ್ತು. ಪಕ್ಕದವನ ಪಾಲನ್ನು ಇಣುಕಿ ನೋಡುವರೆಂಬ ಹಳೆಯ ದೂರೂ ಕಾಳಗದ ಆಟಗಳಿಗೆ ಸಲ್ಲುವಂಥದು. ಕೂಡಿ ಸಾಹಸ ಮಾಡುವವರಲ್ಲಿ ಇಣುಕುವುದು ದೋಷವಲ್ಲ, “ನಿನ್ನ ಹಿಂದೆ ನೋಡು!” ಎಂದು ಎಚ್ಚರಿಸುವುದಕ್ಕೆ ಅದೇ ದಾರಿ.

ಆಗಬೇಕಾದುದೇನು?

ಎಲ್ಲ ಆಟಗಳಿಗೂ ನಾಲ್ಕು ಪಾಲು ಬೇಕೆಂದು ನಾನು ಹೇಳುತ್ತಿಲ್ಲ. ಕೂಡಿ ಆಡುವ ಆನ್‌ಲೈನ್ ಸಾಹಸದ ಆಟಗಳಲ್ಲಿ ಇಬ್ಬರಿಗೆ ಪಾಲುಪರದೆ ಇರುವುದು ವಿನಾಯಿತಿಯಾಗದೆ ವಾಡಿಕೆಯಾಗಬೇಕೆಂಬುದಷ್ಟೇ ನನ್ನ ಅಭಿಪ್ರಾಯ. ಇದಕ್ಕೆ ಮೊದಲನೆಯ ಉಪಾಯ, ಆಟದ ಅಡಿಪಾಯ ಹಾಕುವಾಗಲೇ ಎರಡು ದೀಪಗಳ ಎಣ್ಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಮನೆ ಕಟ್ಟುವಾಗಲೇ ಎರಡನೆಯ ಬಾಗಿಲನ್ನು ಇಡುವುದು ಅಗ್ಗ; ಕಟ್ಟಿದ ಗೋಡೆಯನ್ನು ಒಡೆದು ಇಡುವುದು ದುಬಾರಿ. ಎರಡನೆಯದು, ಈಗಾಗಲೇ ನಡೆಯುತ್ತಿರುವ ಆಟಗಳಿಗೆ ಸೇರಿಸುವಾಗ ಮಿತಿಗಳನ್ನು ಮುಚ್ಚುಮರೆಯಿಲ್ಲದೆ ಹೇಳುವುದು: ಸೆಕೆಂಡಿಗೆ 30 ಚಿತ್ರಗಳು, ಸರಳವಾದ ನೆರಳುಗಳು, ಬೇಕಿದ್ದರೆ ಇಬ್ಬರೂ ಇಷ್ಟು ದೂರದೊಳಗೆ ಇರಬೇಕೆಂಬ ಕಟ್ಟು. ಇಬ್ಬರನ್ನೂ ಒಂದೇ ದೀಪದ ಬೆಳಕಿನೊಳಗೆ ಇರಿಸುವ ಈ ಕಟ್ಟಿನಿಂದ ಸ್ಮೃತಿಯ ತೊಡಕು ಬಹುಮಟ್ಟಿಗೆ ಬಗೆಹರಿಯುತ್ತದೆ. ಆಡುವವರು ಮುನಿಸಿಕೊಳ್ಳುವರೆಂದು ಹೆದರಬೇಕಾಗಿಲ್ಲ. ಚೌಕಾಬಾರದ ಮಣೆ ಸೀಮೆಸುಣ್ಣದ ಗೆರೆಗಳೆಂದು ಯಾವ ಮಕ್ಕಳೂ ಅದನ್ನು ಬಿಟ್ಟೆದ್ದು ಹೋದದ್ದಿಲ್ಲ.

ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಗಣಕವಿಜ್ಞಾನದ ಕಡೆಗೆ ಒಲವುಳ್ಳವರು ಅನೇಕರಿದ್ದೀರಿ. ಅವರಿಗೆ ಒಂದು ಸಲಹೆ. ಉಚಿತವಾಗಿ ದೊರೆಯುವ ‘ಗೋಡೋ’ದಂತಹ ಆಟದ ಎಂಜಿನುಗಳಲ್ಲಿ ಒಂದು ಪುಟ್ಟ ಲೋಕವನ್ನು ರಚಿಸಿ, ಅದರಲ್ಲಿ ಎರಡು ಕ್ಯಾಮೆರಾಗಳನ್ನಿಟ್ಟು, ಪರದೆಯನ್ನು ಎರಡು ಪಾಲು ಮಾಡಿ ನೋಡಿ. ಮರಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋಗಿ, ಒಂದು ಕ್ಯಾಮೆರಾ ಇದ್ದಾಗ ಒಂದು ಚಿತ್ರಕ್ಕೆ ಎಷ್ಟು ಮಿಲಿಸೆಕೆಂಡು ಹಿಡಿಯಿತು, ಎರಡು ಇದ್ದಾಗ ಎಷ್ಟು ಎಂಬುದನ್ನು ಬರೆದಿಡಿ. ನನ್ನ ಕಲ್ಪಿತ ಲೆಕ್ಕ ಎಷ್ಟರಮಟ್ಟಿಗೆ ಸರಿಯೆಂಬುದು ನಿಮಗೇ ತಿಳಿದುಬರುತ್ತದೆ. ಯಾವ ಕೆಲಸವನ್ನು ಎರಡು ಸಲ ಮಾಡಬೇಕಾಗಿಲ್ಲವೆಂಬುದನ್ನು ಕಂಡುಹಿಡಿದವರೇ ಮುಂದೆ ಈ ಸಮಸ್ಯೆಯನ್ನು ಬಿಡಿಸುವವರು.

ಹಾಸನದಿಂದ ಹೊರಡುವ ಹಿಂದಿನ ದಿನ ನಾನು ಪೇಟೆಯಲ್ಲಿ ವಿಚಾರಿಸಿ, ಇಬ್ಬರು ಕೂಡಿಯೇ ಆಡಬೇಕಾದ ಆಟವೊಂದನ್ನು ಮಕ್ಕಳಿಗೆ ಕೊಡಿಸಿದೆ. ಆ ರಾತ್ರಿ ಊಟಕ್ಕೆ ಕರೆದರೆ ಇಬ್ಬರೂ ಏಳಲಿಲ್ಲ. ಪರದೆಯ ನಡುವೆ ಒಂದು ಗೆರೆ. ಅದರ ಎಡಕ್ಕೆ ಅಣ್ಣ, ಬಲಕ್ಕೆ ತಂಗಿ. ಹುಡುಗಿಯು ಒಂದು ಸೇತುವೆಯನ್ನು ಇಳಿಸದಿದ್ದರೆ ಹುಡುಗನು ಮುಂದೆ ಹೋಗುವಂತಿರಲಿಲ್ಲ. ಅವಳು ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸಿದಳು. “ಇಳಿಸೇ, ಬೇಗ ಇಳಿಸೇ!” ಎಂದು ಅವನು ಅಂಗಲಾಚುತ್ತಿದ್ದನು. ಅಂದು ಅವಳ ಕೈಯಲ್ಲಿದ್ದ ಕಂಟ್ರೋಲರ್ ಯಂತ್ರಕ್ಕೆ ಸೇರಿತ್ತು.